75:25 ಪಿಎಲ್‌ಜಿಎ (ನಿಧಾನವಾಗಿ ಸವೆಯುವ ಪಾಲಿಮರ್; ಅಂಕಿ ಅದರ ಲ್ಯಾಕ್ಟಿಕ್, ಗ್ಲೈಕೋಲಿಕ್ ಆಮ್ಲಗಳ ಪ್ರಮಾಣ) ನ್ಯಾನೊಕಣದೊಳಗೆ, ಹಾಕಿದ ಕರ್ಕ್ಯುಮಿನ್ (ಅರಿಶಿನದ ಹಳದಿ ವಸ್ತು) 95% ಸೇರಿದೆ, ಆದರೆ ಎರಡು ದಿನವಾದರೂ ಹೊರಬರುತ್ತಿಲ್ಲ. ಬೇಗ ಸವೆಯುವ 50:50 ತಗೊಳ್ಳಲೇ?

ಪಾಲಿಮರ್ ಬದಲಿಸಬೇಡಿ. ನಿಮ್ಮ 95% ಅನ್ನೇ ನಾನು ಒಪ್ಪುವುದಿಲ್ಲ. ನನಗೂ ಅಷ್ಟೇ ಬಂದಿತ್ತು. ಅದನ್ನು ನಂಬಿ ಎಂಟು ತಿಂಗಳು ಕಳೆದುಕೊಂಡೆ.

ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯಲ್ಲಿ ಉಳಿದ ಕರ್ಕ್ಯುಮಿನ್ ಅಳೆದು, ಹಾಕಿದ್ದರಲ್ಲಿ ಅದನ್ನು ಕಳೆದಿರುತ್ತೀರಿ. ತಪ್ಪಿರುವುದು ಅಲ್ಲೇ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಕಣ ಮಾಡುವಾಗ ಔಷಧ ಕರಗಿಸಿದ ಅಸಿಟೋನ್ ಆರುತ್ತಾ ಹೋದಂತೆ, ಕಣದೊಳಗೆ ಸೇರದ ಔಷಧ ಹರಳುಗಟ್ಟಿ 15,000 ಆರ್‌ಪಿಎಂನಲ್ಲಿ ಕಣಗಳ ಜೊತೆಗೇ ತಳಕ್ಕಿಳಿಯುತ್ತದೆ. ತಿಳಿಯಲ್ಲಿ ಏನೂ ಸಿಗುವುದಿಲ್ಲ, ಲೆಕ್ಕದಲ್ಲಿ ಮಾತ್ರ ಎಲ್ಲವೂ ಒಳಗೆ ಹೋಗಿರುತ್ತದೆ. ಟ್ಯೂಬನ್ನು ಬೆಳಕಿಗೆ ಹಿಡಿಯಿರಿ: ತಿಳಿಹಳದಿ ಗಸಿಯ ಅಡಿಯಲ್ಲಿ ಗಾಢ ಕಿತ್ತಳೆ ಚುಕ್ಕೆ ಕಂಡರೆ ಅದು ಹರಳು.

ಪಿಎಲ್‌ಜಿಎ ಇಲ್ಲದೆ ಒಂದು ಬ್ಯಾಚ್ ಮಾಡಿ ನೋಡಿ: 5 ಮಿಗ್ರಾಂ ಕರ್ಕ್ಯುಮಿನ್, 5 ಮಿಲೀ ಅಸಿಟೋನ್, ಹನಿಹನಿಯಾಗಿ 20 ಮಿಲೀ 1% ಪಿವಿಎ (ಕಣಗಳು ಅಂಟದಂತೆ ತಡೆಯುವ ಪಾಲಿವಿನೈಲ್ ಆಲ್ಕೋಹಾಲ್) ದ್ರಾವಣಕ್ಕೆ. ಅದರಲ್ಲೂ 90% 'ಸೇರಿದೆ' ಎಂದು ಬಂದರೆ ನಿಮ್ಮ ವಿಧಾನ ಕಣವನ್ನು ಅಳೆಯುತ್ತಲೇ ಇಲ್ಲ.

ಸರಿಯಾದ ದಾರಿ ಇದು. ಮೊದಲು 1,000 ಜಿಯಲ್ಲಿ (ಗುರುತ್ವದ ಸಾವಿರ ಪಟ್ಟು ಬಲದಲ್ಲಿ) 10 ನಿಮಿಷ ತಿರುಗಿಸಿ, ತಳದ ಹರಳನ್ನು ಬಿಸಾಡಿ. ಉಳಿದದ್ದನ್ನು ಜೋರಾಗಿ ತಿರುಗಿಸಿ ಎರಡು ಸಲ ತೊಳೆಯಿರಿ. ಒಂದು ಪಾಲನ್ನು ಟ್ರೆಹಲೋಸ್ ಸೇರಿಸದೆ ಫ್ರೀಜ್ ಡ್ರೈ ಮಾಡಿ. ಸಕ್ಕರೆಯ ತೂಕ ಬೆರೆತರೆ ಲೆಕ್ಕ ಕೆಡುತ್ತದೆ. (ಮಿಕ್ಕ ಪಾಲಿಗೆ 5% ಟ್ರೆಹಲೋಸ್ ಬೇಕೇ ಬೇಕು. ಇಲ್ಲದಿದ್ದರೆ ಕಣಗಳು ಅಂಟಿಕೊಂಡು ಮತ್ತೆ ಬಿಡಿಯಾಗುವುದಿಲ್ಲ.) 5 ಮಿಗ್ರಾಂ ಪುಡಿಯನ್ನು ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ 425 ನ್ಯಾನೊಮೀಟರ್‌ನಲ್ಲಿ ಅಳೆಯಿರಿ. 0.2 ಮಿಗ್ರಾಂ ಸಿಕ್ಕರೆ ಲೋಡಿಂಗ್ (ಪುಡಿಯ ತೂಕದಲ್ಲಿ ಔಷಧದ ಪಾಲು) 4%. ಇಡೀ ಬ್ಯಾಚಿನ ಪುಡಿ 40 ಮಿಗ್ರಾಂ ಆಗಿದ್ದರೆ ಒಳಗಿರುವುದು 1.6 ಮಿಗ್ರಾಂ, ಅಂದರೆ ಹಾಕಿದ 5ರಲ್ಲಿ 32%. ಆ 32% ಅನ್ನೇ ಧೈರ್ಯವಾಗಿ ಬರೆಯಿರಿ.

ಇನ್ನು ಬಿಡುಗಡೆ, ಅಂದರೆ ಕಣಗಳನ್ನು ಡಯಾಲಿಸಿಸ್ ಚೀಲದಲ್ಲಿ (ಔಷಧ ದಾಟಬಲ್ಲ, ಕಣ ದಾಟದ ಸೂಕ್ಷ್ಮರಂಧ್ರದ ಚೀಲ) ತುಂಬಿ ಬಫರಿನಲ್ಲಿ (ಪಿಎಚ್ ಕಾಯುವ ದ್ರಾವಣ) ಇಟ್ಟು ಅಳೆಯುವುದು. 50:50 ಪಾಲಿಮರ್ ಕರಗಲಿಕ್ಕೂ ವಾರಗಳು ಬೇಕು. ಮೊದಲ ಎರಡು ದಿನದ ಅಂಕಿಗೆ ಪಾಲಿಮರ್ ಸವೆತ ಕಾರಣವಲ್ಲ. ಬರೀ ಫಾಸ್ಫೇಟ್ ಬಫರ್ ಇಟ್ಟಿದ್ದರೆ ಹೊರಬಂದ ಕರ್ಕ್ಯುಮಿನ್‌ಗೆ ಕರಗಲು ಜಾಗವಿಲ್ಲ. ಕರಗಿದ್ದೂ ಪಿಎಚ್ 7.4ರಲ್ಲಿ ಅರ್ಧ ಗಂಟೆಯೊಳಗೆ ಬಹುಪಾಲು ಒಡೆದುಹೋಗುತ್ತದೆ. ನೀವು ಅಳೆಯುವ ಹೊತ್ತಿಗೆ ಬಣ್ಣವೇ ಇರುವುದಿಲ್ಲ. ಬಫರಿಗೆ 0.5% ಟ್ವೀನ್ 80 (ಕರ್ಕ್ಯುಮಿನ್ ಕರಗಿಸುವ ಸಾಬೂನಿನಂಥ ವಸ್ತು) ಸೇರಿಸಿ, ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, 37 ಡಿಗ್ರಿಯಲ್ಲಿಡಿ. ಅದೇ ಟ್ವೀನ್ ಬಫರಿನಲ್ಲಿ ಕರಗಿಸಿದ ಬಿಡಿ ಕರ್ಕ್ಯುಮಿನ್ ತುಂಬಿದ ಇನ್ನೊಂದು ಡಯಾಲಿಸಿಸ್ ಚೀಲವೂ ಪಕ್ಕದಲ್ಲಿರಲಿ. ಅದರಿಂದಲೂ ಔಷಧ ಹೊರಬರದಿದ್ದರೆ ಅಡ್ಡಿಯಿರುವುದು ಚೀಲದಲ್ಲಿ, ಕಣದಲ್ಲಲ್ಲ.