ಪೆರ್ಕಿನ್‌ಗೆ ಹೋಗಬಹುದಾ? ಖಂಡಿತ ಹೋಗಿ

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಿ ಇರೋದು ನಾಲ್ಕೇ ದಿನ, ಕಡಲತೀರ ಬಿಟ್ಟು ಪೆರ್ಕಿನ್‌ಗೆ ಹೋಗೋದು ಸರಿನಾ ಅಂತ ಕೇಳಿದ್ದೀರಿ. ಹೋಗಿ. ಸ್ಯಾನ್ ಮಿಗೆಲ್ ನಗರದಿಂದ ಬಸ್ ಇದೆ, ಬೆಳಗ್ಗೆಯೇ ಹೊರಡಿ. ಗುಡ್ಡದ ಊರು, ರಾತ್ರಿ ಚಳಿ. ಬ್ಯಾಗಿನಲ್ಲಿ ಒಂದು ಸ್ವೆಟರ್ ಇರಲಿ.

1980ರಿಂದ 1992ರವರೆಗಿನ ಅಂತರ್ಯುದ್ಧದಲ್ಲಿ ಇದು ಸರ್ಕಾರದ ವಿರುದ್ಧ ಹೋರಾಡಿದ ಗೆರಿಲ್ಲಾಗಳ ನೆಲೆ. ಅಂದು ಹೋರಾಡಿದವರೇ ಅಲ್ಲಿನ ಮ್ಯೂಸಿಯಂ ಕಟ್ಟಿದ್ದಾರೆ. ಉರುಳಿಸಿದ ಹೆಲಿಕಾಪ್ಟರಿನ ಚೂರುಗಳು, ಬಾಂಬ್ ಬಿದ್ದ ಗುಂಡಿ ಎಲ್ಲ ಹಾಗೇ ಇವೆ. ಸ್ವಲ್ಪ ಸ್ಪ್ಯಾನಿಷ್ ಕಲಿತು ಹೋದರೆ ಅವರ ಮಾತು ಕೇಳಬಹುದು, ಅದೇ ಮುಖ್ಯ ಅಲ್ವಾ?

ಹತ್ತಿರದ ಎಲ್ ಮೊಸೊತೆಯನ್ನು ಮಾತ್ರ ತಪ್ಪಿಸಬೇಡಿ. 1981ರ ಡಿಸೆಂಬರಿನಲ್ಲಿ ಸೈನ್ಯ ಆ ಊರಲ್ಲೂ ಸುತ್ತಲ ಹಳ್ಳಿಗಳಲ್ಲೂ ಸಾವಿರದಷ್ಟು ಜನರನ್ನು ಕೊಂದಿತು. ಅರ್ಧದಷ್ಟು ಮಕ್ಕಳೇ. ಚರ್ಚಿನ ಗೋಡೆಯ ಮೇಲೆ ಆ ಮಕ್ಕಳ ಹೆಸರುಗಳಿವೆ, ಪಕ್ಕದಲ್ಲಿ ವಯಸ್ಸು. ಓದುತ್ತಾ ಕಾಲು ಮುಂದಕ್ಕೆ ಬರುವುದಿಲ್ಲ. ಅಲ್ಲಿ ಸೆಲ್ಫಿ ಬೇಡ, ದಯವಿಟ್ಟು. ಸುಮ್ನೆ ಸ್ವಲ್ಪ ಹೊತ್ತು ನಿಲ್ಲಿ.

ಸಸ್ಯಾಹಾರಿ ಅಂದಿರಿ. ಮೆಕ್ಕೆಜೋಳದ ಹಿಟ್ಟಿನ ಪುಪುಸಾ ಎಲ್ಲೆಡೆ ಸಿಗುತ್ತದೆ, ನಮ್ಮ ಹೋಳಿಗೆ ಹಾಗೆ ಒಳಗೆ ಹೂರಣ. ಚೀಸ್ ಮತ್ತು ಲೊರೊಕೊ ಅನ್ನೋ ಬಳ್ಳಿಯ ಹೂಮೊಗ್ಗಿನದ್ದು ಕೇಳಿ. ಬೀನ್ಸ್ ಕಾಳಿನ ಹೂರಣಕ್ಕೆ ಹಂದಿ ಕೊಬ್ಬು ಹಾಕಿರಬಹುದು, ವಿಚಾರಿಸಿ ತಿನ್ನಿ.