ನಾಲ್ಕು-ಐದನೇ ತರಗತಿ ಮಕ್ಕಳಿಗೆ ಸರ್ಕಾರ, ನಕ್ಷೆ, ಐತಿಹಾಸಿಕ ವ್ಯಕ್ತಿಗಳು: ಬಾಯಿಪಾಠ ಬಿಟ್ಟು ಬೇರೆ ದಾರಿ ಇದೆಯಾ?

ಇದೆ. ನಾನು ಗದಗ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಪರಿಸರ ಅಧ್ಯಯನ ಕಲಿಸುತ್ತೇನೆ. ಬಾಯಿಪಾಠ ಮಾಡಿಸಿದ್ದು ಮಕ್ಕಳ ತಲೆಯಲ್ಲಿ ಉಳಿಯೋದಿಲ್ಲ ಅನ್ನೋ ಪಾಡು ಎಲ್ಲ ಕಡೆಯದೂ ಹೌದು. ಮಕ್ಕಳು ಗಡಗಡ ಒಪ್ಪಿಸುತ್ತಾರೆ, ಪರೀಕ್ಷೆ ಮುಗಿದ ಮೇಲೆ ಕೇಳಿದರೆ ಮುಖ ಮುಖ ನೋಡುತ್ತಾರೆ. ಮೂರನ್ನೂ ಮೂರು ಪಾಠ ಅಂತ ಬೇರೆ ಬೇರೆ ಮಾಡಿದರೆ ಹಾಗೇ ಆಗೋದು. ಒಟ್ಟಿಗೆ ಕಲಿಸಿ, ನಕ್ಷೆಯಿಂದ ಶುರು ಮಾಡಿ.

ಮೊದಲು ನಕ್ಷೆಯನ್ನು ಗೋಡೆಯಿಂದ ಇಳಿಸಿ. ಅದನ್ನು ಅಲ್ಲೇ ನೋಡಿ ನೋಡಿ ಮಕ್ಕಳಿಗೆ ಉತ್ತರ ಅಂದ್ರೆ ಮೇಲೆ, ದಕ್ಷಿಣ ಅಂದ್ರೆ ಕೆಳಗೆ ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಬೀದರ್ ಎಲ್ಲಿದೆ ಅಂದ್ರೆ ಮಾಳಿಗೆ ಕಡೆ ಬೆರಳು ತೋರಿಸುತ್ತಾರೆ! ಅಂಗಳದಲ್ಲಿ ಹಾಸಿ, ನಕ್ಷೆಯ ಉತ್ತರವನ್ನು ನಿಜವಾದ ಉತ್ತರಕ್ಕೆ ತಿರುಗಿಸಿ, ಮೂಲೆಗೆ ಕಲ್ಲಿಡಿ. ಗದಗಿನ ಚುಕ್ಕೆಯಿಂದ ಹುಬ್ಬಳ್ಳಿಗೆ ಬೆರಳು ಎಳೆದು, ಅದೇ ದಿಕ್ಕಿಗೆ ಕೈ ಚಾಚಲು ಹೇಳಿ. ಆ ಕೈ ಪಶ್ಚಿಮಕ್ಕೆ, ಸಂಜೆ ಸೂರ್ಯ ಇಳಿಯುವ ಕಡೆಗೇ ಇರುತ್ತದೆ.

ದಿಕ್ಕು ಕಲಿಸಲು ನಮ್ಮ ಮಕ್ಕಳ ಮನೆಯಲ್ಲೇ ಒಂದು ಒಳ್ಳೆಯ ಸಾಧನ ಇದೆ. ಚಕ್ಕುಬಂದಿ. ಹೊಲದ ಖರೀದಿ ಪತ್ರದಲ್ಲಿ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರದು, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಬಂಡಿದಾರಿ ಅಂತ ಬರೆದಿರುತ್ತಾರಲ್ಲ, ಅದು. ನಾನು ಶಾಲೆಗೇ ಒಂದು ಚಕ್ಕುಬಂದಿ ಬರೆಸುತ್ತೇನೆ. ಪೂರ್ವಕ್ಕೆ ಬಿಸಿಯೂಟದ ಕೋಣೆ, ಪಶ್ಚಿಮಕ್ಕೆ ಹನುಮಪ್ಪನ ಗುಡಿ, ಹೀಗೆ. ಆಮೇಲೆ ಅವರವರ ಮನೆಯದು. ಅಜ್ಜನನ್ನು ಕೇಳಿಕೊಂಡು ಬನ್ನಿ ಅಂದ್ರೆ ಸಾಕು, ಮರುದಿನ ಹೊಲದ ಜಗಳಗಳೂ ಸೇರಿ ಎಲ್ಲ ಬರುತ್ತದೆ. (ಜಗಳದ ಭಾಗ ಹಲಗೆ ಮೇಲೆ ಬರೆಯಬೇಡಿ.) ಅಳತೆಗೆ ಹೆಜ್ಜೆ ಸಾಕು. ಹತ್ತು ಹೆಜ್ಜೆಗೆ ವಹಿಯಲ್ಲಿ ಒಂದು ಚೌಕ.

ನಕ್ಷೆಯಿಂದ ಸರ್ಕಾರಕ್ಕೆ ದಾಟಲು ನಾನು ಒಂದು ಒಗಟು ಇಟ್ಟುಕೊಂಡಿದ್ದೇನೆ. ಹುಬ್ಬಳ್ಳಿಯಲ್ಲಿ ಎರಡು ದೊಡ್ಡ ಕಚೇರಿಗಳಿವೆ. ಬಸ್ಸಿನವರದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ, ರೈಲಿನವರದು ನೈಋತ್ಯ ರೈಲ್ವೆ. ಊರು ಒಂದೇ. ಹಾಗಾದರೆ ಹುಬ್ಬಳ್ಳಿ ವಾಯವ್ಯದಲ್ಲಿದೆಯೋ ನೈಋತ್ಯದಲ್ಲಿದೆಯೋ? ಮಕ್ಕಳು ಎರಡು ಗುಂಪಾಗಿ ಜಗಳಕ್ಕೆ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಬಿಡಿ. ಆಮೇಲೆ ಕರ್ನಾಟಕದ ನಕ್ಷೆ, ಭಾರತದ ನಕ್ಷೆ ಎರಡನ್ನೂ ಹಾಸಿ. ರಾಜ್ಯದ ನಕ್ಷೆಯಲ್ಲಿ ಹುಬ್ಬಳ್ಳಿ ವಾಯವ್ಯಕ್ಕೆ, ದೇಶದ ನಕ್ಷೆಯಲ್ಲಿ ನೈಋತ್ಯಕ್ಕೆ. ಬಸ್ಸು ರಾಜ್ಯ ಸರ್ಕಾರದ್ದು, ರೈಲು ಕೇಂದ್ರದ್ದು. ಕೇಂದ್ರ, ರಾಜ್ಯ ಅನ್ನೋ ವ್ಯತ್ಯಾಸವನ್ನು ಇದಕ್ಕಿಂತ ಸುಲಭವಾಗಿ ಹೇಳೋ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಅಲ್ಲಿಂದ ಊರಲ್ಲಿ ಒಂದು ಸುತ್ತು ಹೊಡೆಸಿ. ಕಂಡದ್ದಕ್ಕೆಲ್ಲ "ಇದು ಯಾರ ಕೆಲಸ?" ಅಂತ ಕೇಳಿ. ಬೀದಿ ದೀಪ, ಚರಂಡಿ, ನಲ್ಲಿ ನೀರು ಗ್ರಾಮ ಪಂಚಾಯ್ತಿಯದು. ಪೊಲೀಸ್ ಠಾಣೆ, ನಮ್ಮ ಶಾಲೆ ರಾಜ್ಯದ್ದು. ಅಂಚೆ ಕಚೇರಿ ಕೇಂದ್ರದ್ದು. ಮಂತ್ರಿಗಳ ಹೆಸರಿನ ಪಟ್ಟಿ ಈ ವಯಸ್ಸಿಗೆ ಬೇಡವೇ ಬೇಡ, ಹೇಗೂ ಬದಲಾಗುತ್ತಿರುತ್ತವೆ.

ಇನ್ನು ಐತಿಹಾಸಿಕ ವ್ಯಕ್ತಿಗಳು. ಛದ್ಮವೇಷ ಮಾಡಿಸಿ, ಬೇಡ ಅನ್ನಲ್ಲ. ಆದರೆ ಕಿತ್ತೂರು ಚೆನ್ನಮ್ಮನ ವೇಷ ಹಾಕಿದ ಹುಡುಗಿಯನ್ನು "ಚೆನ್ನಮ್ಮ ಯಾಕೆ ಜಗಳ ತೆಗೆದಳು?" ಅಂತ ಕೇಳಿ ನೋಡಿ. ರಟ್ಟಿನ ಕತ್ತಿ ಎತ್ತಿ ಸುಮ್ನೆ ನಿಲ್ಲುತ್ತಾಳೆ. ಕಾರಣ ದತ್ತು. ಕಿತ್ತೂರಿನ ಗದ್ದುಗೆಗೆ ದತ್ತುಮಗನನ್ನು ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಒಪ್ಪಲಿಲ್ಲ. 1824ರ ಯುದ್ಧದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ನಮ್ಮದೇ ಜಿಲ್ಲೆಯ ನರಗುಂದದ ದೊರೆ ಬಾಬಾಸಾಹೇಬನಿಗೂ ದತ್ತು ತೆಗೆದುಕೊಳ್ಳಲು ಬಿಡಲಿಲ್ಲ. 1858ರಲ್ಲಿ ಆತ ಬಂಡೆದ್ದ, ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಕಿತ್ತೂರು, ನರಗುಂದ ಎರಡೂ ಊರನ್ನು ನಕ್ಷೆಯಲ್ಲಿ ಗುರುತು ಮಾಡಿಸಿ. ದತ್ತು ಅಂದ್ರೇನು ಅಂತ ಮಕ್ಕಳಿಗೆ ಗೊತ್ತಿರುತ್ತದೆ, ಯಾರದಾದರೂ ಮನೆಯಲ್ಲಿ ಆಗಿರುತ್ತದೆ. ಆಗ ಒಬ್ಬರಲ್ಲ ಒಬ್ಬರು ಕೇಳೇ ಕೇಳುತ್ತಾರೆ: "ಸರ್, ರಾಜನಿಗೆ ಮಗ ಇಲ್ಲದಿದ್ದರೆ ಊರಿನವರೇ ಯಾರನ್ನಾದರೂ ಆರಿಸಬಹುದಿತ್ತಲ್ಲ?" ಚುನಾವಣೆ ಪಾಠ ಅಲ್ಲಿಂದ ಎತ್ತಿಕೊಳ್ಳಿ.

ಕತ್ತಿ ಹಿಡಿಯದವರೂ ಬೇಕು. ನಮ್ಮ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ಹೆಸರಾಗಿದೆ. ಬೀಜ-ಗೊಬ್ಬರಕ್ಕೆ ಅಪ್ಪ ಸೊಸೈಟಿಗೆ ಹೋಗೋದನ್ನು ಮಕ್ಕಳು ನೋಡಿರುತ್ತಾರೆ. ಸದಸ್ಯರು, ಅಧ್ಯಕ್ಷರು, ಸಭೆ, ಲೆಕ್ಕಪತ್ರ, ಸರ್ಕಾರದಲ್ಲಿ ಇರುವುದೆಲ್ಲ ಸಣ್ಣದಾಗಿ ಅಲ್ಲೂ ಇದೆ. ಕಾರ್ಯದರ್ಶಿಗಳನ್ನು ಒಂದು ದಿನ ತರಗತಿಗೆ ಕರೆಸಿ, ಪ್ರಶ್ನೆ ಮಕ್ಕಳೇ ಕೇಳಲಿ.

ಶಾಲಾ ಸಂಸತ್ತು ನಿಮ್ಮಲ್ಲೂ ಇರುತ್ತದೆ. ಆರಿಸಿ ಬಂದ ಮಂತ್ರಿಗೆ ನಿಜವಾದ ಕೆಲಸ ಕೊಡಿ. ಆಟದ ಸಾಮಾನಿನ ಬೀಗದಕೈ ಕ್ರೀಡಾ ಮಂತ್ರಿ ಹತ್ತಿರವೇ ಇರಲಿ. ಇಲ್ಲದಿದ್ದರೆ ಅದೂ ಒಂದು ಛದ್ಮವೇಷವೇ, ಅಲ್ವಾ?

ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುವಾಗ ಬರೀ ಭಾಷಣಕ್ಕೆ ಮಕ್ಕಳನ್ನು ತಯಾರು ಮಾಡಬೇಡಿ. ಅವರೇ ಬರೆದ ಓಣಿಯ ನಕ್ಷೆಯಲ್ಲಿ ಉರಿಯದ ದೀಪಗಳಿಗೆ ಕೆಂಪು ಗುರುತು ಹಾಕಿಸಿ, ಅರ್ಜಿಯ ಜೊತೆ ಲಗತ್ತಿಸಿ ಕೊಡಿಸಿ. ಅರ್ಜಿಗೆ ಎರಡು ಪ್ರತಿ ಇರಲಿ. ಒಂದರ ಮೇಲೆ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸಾಹೇಬರ ಸಹಿ, ಶಿಕ್ಕಾ ಹಾಕಿಸಿಕೊಂಡೇ ಬರಬೇಕು ಅಂತ ಮಕ್ಕಳಿಗೆ ಮೊದಲೇ ಹೇಳಿ ಕಳಿಸಿ.