ಗೋಡೆ ಮೇಲಿನ ಹಾವಸೆಯೂ ಅಂಟಾರ್ಕ್ಟಿಕಾದ ಹಾವಸೆಯೂ ಒಂದೇನಾ?

ಪ್ರಶ್ನೆ: ಮಳೆ ಹಿಡಿದ ಮೇಲೆ ನಮ್ಮ ಕಾಂಪೌಂಡ್ ಗೋಡೆ ತುಂಬ ಹಾವಸೆ. ಅದರಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಒಂದರ ಫೋಟೊ ತೆಗೆದು ಮೊಬೈಲ್ ಆ್ಯಪ್‌ಗೆ ಹಾಕಿದೆ. ‘ಬ್ರಯಂ ಅರ್ಜೆಂಟಿಯಂ, ಎಲ್ಲ ಖಂಡಗಳಲ್ಲೂ ಇದೆ, ಅಂಟಾರ್ಕ್ಟಿಕಾದಲ್ಲೂ ಇದೆ’ ಎಂದು ಬಂತು. ನಮ್ಮ ಊರು ಸಾಗರದ ಗೋಡೆಯ ಮೇಲಿರುವುದೂ ಹಿಮದ ನಾಡಿನಲ್ಲಿರುವುದೂ ಒಂದೇ ಸಸ್ಯ ಆಗಲು ಸಾಧ್ಯವೇ ಸರ್?
– ಓದುಗರೊಬ್ಬರು, ಸಾಗರ

ಉತ್ತರ: ಆ್ಯಪ್ ಕೊಟ್ಟ ಹೆಸರು ಸರಿಯಿರುವ ಸಾಧ್ಯತೆ ಹೆಚ್ಚು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಸಿಕ್ಕರೆ ನೀವೇ ನೋಡಿ. ಒಂದು ಸೆಂಟಿಮೀಟರೂ ಇಲ್ಲದ ಸಣ್ಣ ಸಣ್ಣ ಕಡ್ಡಿಗಳು, ಅವುಗಳಿಗೆ ಒತ್ತಾಗಿ ಒಂದರ ಮೇಲೊಂದು ಅಂಟಿಕೊಂಡ ಎಲೆಗಳು. ಎಲೆಯ ಬುಡ ಹಸಿರು, ಮೇಲ್ಭಾಗದ ಕೋಶಗಳಲ್ಲಿ ಮಾತ್ರ ಪತ್ರಹರಿತ್ತು ಇರುವುದಿಲ್ಲ. ಹೊಳಪು ಬರುವುದು ಅದರಿಂದ. ಅದೇ ಸಸ್ಯ ನೆರಳಿನಲ್ಲಿ ಬೆಳೆದರೆ ಹೊಳಪು ಕಡಿಮೆಯಾಗಿ ಹಸಿರು ಎದ್ದು ಕಾಣುತ್ತದೆ.

ಆದರೆ ಹೆಸರು ಸರಿ ಎಂದಮಾತ್ರಕ್ಕೆ ಎರಡೂ ಕಡೆಯದು ಒಂದೇ ಸಸ್ಯ ಎಂದಾಗುವುದಿಲ್ಲ. ಅದಕ್ಕೆ ಬೇರೆಯೇ ಸಾಕ್ಷ್ಯ ಬೇಕು.

ಅಷ್ಟು ದೂರ ಹೋಗುವ ಶಕ್ತಿ ಹಾವಸೆಗೆ ಖಂಡಿತ ಇದೆ. ಹಾವಸೆ ಹರಡುವುದು ಬೀಜದಿಂದಲ್ಲ, ಧೂಳಿನಂಥ ಬೀಜಕದಿಂದ. ಇದರ ಬೀಜಕದ ಅಡ್ಡಳತೆ ಸುಮಾರು 10–15 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಗಾಳಿ ಎತ್ತಿಕೊಂಡರೆ ಸಮುದ್ರ ದಾಟುತ್ತದೆ. ದಕ್ಷಿಣ ಗೋಲಾರ್ಧದ ದ್ವೀಪ ಮತ್ತು ಖಂಡಗಳ ಹಾವಸೆ, ಕಲ್ಲುಹೂವು, ಜರೀಗಿಡಗಳ ಪಟ್ಟಿಯನ್ನು ಉಪಗ್ರಹದ ಗಾಳಿಯ ಮಾಹಿತಿಯೊಂದಿಗೆ ಹೋಲಿಸಿದ ಅಧ್ಯಯನವೊಂದು 2004ರಲ್ಲಿ ಬಂತು. ಹತ್ತಿರದ ಎರಡು ಜಾಗಗಳಿಗಿಂತ ಗಾಳಿಯ ದಾರಿಯಲ್ಲಿರುವ ಎರಡು ಜಾಗಗಳ ನಡುವೆಯೇ ಹೋಲಿಕೆ ಹೆಚ್ಚು ಎಂದು ಅದು ತೋರಿಸಿತು. ಉತ್ತರ ಧ್ರುವ ವಲಯದಲ್ಲಿ ಮರಿ ಮಾಡಿ ದಕ್ಷಿಣ ಅಮೆರಿಕಕ್ಕೆ ವಲಸೆ ಹೋಗುವ ಹಕ್ಕಿಗಳ ಪುಕ್ಕದೊಳಗೆ ಹಾವಸೆಯ ಬೀಜಕ ಮತ್ತು ಚೂರುಗಳು ಸಿಕ್ಕಿದ್ದು 2014ರಲ್ಲಿ ವರದಿಯಾಯಿತು. ನಿಮ್ಮ ಬೆಳ್ಳಿ ಹಾವಸೆಗಂತೂ ಬೀಜಕವೇ ಬೇಕೆಂದಿಲ್ಲ. ಮುರಿದ ತುದಿ ಚಪ್ಪಲಿಗೆ ಅಂಟಿ ಹೋದರೂ ಸಾಕು, ಹೋದಲ್ಲಿ ಚಿಗುರುತ್ತದೆ.

ಅಂಟಾರ್ಕ್ಟಿಕಾದ ಬ್ರಯಂ ಅರ್ಜೆಂಟಿಯಂನ ಡಿಎನ್‌ಎ ನೋಡಿದವರಿಗೆ ಕಂಡದ್ದು ಇದು: ಅದು ಅಲ್ಲಿಗೆ ಒಂದೇ ಸಲ ಬಂದದ್ದಲ್ಲ, ಬೇರೆ ಬೇರೆ ಕಾಲದಲ್ಲಿ ಹಲವು ಸಲ ಬಂದಿದೆ. ಕೆಲವು ವಂಶಗಳು ಲಕ್ಷಾಂತರ ವರ್ಷಗಳಿಂದ, ಹಿಮಯುಗಗಳನ್ನೆಲ್ಲ ದಾಟಿಕೊಂಡು ಅಲ್ಲೇ ಉಳಿದಿವೆ. ಒಂದೇ ಹೆಸರಿನಡಿ ಇಷ್ಟೊಂದು ಕಥೆಗಳಿವೆ. ಸಾಗರದ ಗೋಡೆಯದು ಇದರಲ್ಲಿ ಯಾವ ಕೊಂಬೆಗೆ ಸೇರುತ್ತದೆ ಎಂಬುದನ್ನು ಫೋಟೊ ಹೇಳಲಾರದು.

ಪ್ರಶ್ನೆ: ಪಿಯು ಮಕ್ಕಳಿಗೆ ಫ್ಯೂನೇರಿಯಾ ಎಂಬ ಹಾವಸೆಯ ಚಿತ್ರ ಬರೆಸುವವಳು ನಾನು. ಎಲೆ, ಬೀಜಕಕೋಶ, ಅದರ ಬಾಯಿಯ ಹಲ್ಲು, ಇವುಗಳಿಂದಲೇ ಹಾವಸೆ ಗುರುತಿಸಬೇಕೆಂದು ಕಲಿತವರು ನಾವು. ಇವೆಲ್ಲ ಒಂದೇ ಥರ ಇದ್ದೂ ಡಿಎನ್‌ಎ ಸ್ವಲ್ಪ ಬೇರೆ ಎಂದಾಕ್ಷಣ ಹೊಸ ಪ್ರಭೇದ ಎನ್ನುವುದು ಅತಿಯಾಯಿತಲ್ಲವೇ?
– ಉಪನ್ಯಾಸಕಿಯೊಬ್ಬರು, ಧಾರವಾಡ

ಉತ್ತರ: ಡಿಎನ್‌ಎ ‘ಸ್ವಲ್ಪ ಬೇರೆ’ ಎಂಬುದಷ್ಟೇ ಆಧಾರವಾದರೆ ನಿಮ್ಮ ಆಕ್ಷೇಪ ಪೂರ್ತಿ ನ್ಯಾಯವಾದದ್ದು. ಕೇಳಬೇಕಾದ ಪ್ರಶ್ನೆ ಬೇರೆ: ಒಂದೇ ಜಾಗದಲ್ಲಿ ಅಕ್ಕಪಕ್ಕ ಬೆಳೆದರೂ ಎರಡು ಗುಂಪುಗಳು ಬೆರೆಯದೆ ಉಳಿದಿವೆಯೇ? ಉಳಿದಿದ್ದರೆ, ನಮ್ಮ ಕಣ್ಣಿಗೆ ಕಾಣದಿದ್ದರೂ ಅವು ಬೇರೆಯೇ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಸ್ಫ್ಯಾಗ್ನಮ್ ಮೆಜೆಲ್ಲಾನಿಕಮ್. ಆರ್ಕಿಡ್ ಬೆಳೆಸುವವರಿಗೆ ಸ್ಫ್ಯಾಗ್ನಮ್ ಗೊತ್ತು. ಕುಂಡದಲ್ಲಿ ಬೇರಿನ ಸುತ್ತ ಸುತ್ತುವ, ನೀರು ಹಿಡಿದಿಡುವ ಒಣ ಹಾವಸೆ ಅದು. ಅದರ ಎಲೆಯಲ್ಲಿ ದೊಡ್ಡ ದೊಡ್ಡ ಸತ್ತ ಕೋಶಗಳಿದ್ದು, ಅವುಗಳ ಗೋಡೆಯಲ್ಲಿ ರಂಧ್ರಗಳಿರುತ್ತವೆ. ನೀರು ನಿಲ್ಲುವುದು ಅಲ್ಲಿ. ಈ ಪ್ರಭೇದಕ್ಕೆ ಹೆಸರಿಟ್ಟವನು ಸಸ್ಯವಿಜ್ಞಾನಿ ಬ್ರೈಡೆಲ್, 1798ರಲ್ಲಿ, ದಕ್ಷಿಣ ಅಮೆರಿಕದ ತುದಿಯ ಮೆಜೆಲ್ಲನ್ ಜಲಸಂಧಿಯ ಮಾದರಿಗೆ. ಆಮೇಲೆ ಯುರೋಪು, ಉತ್ತರ ಅಮೆರಿಕದ ಜೌಗುಗಳಲ್ಲಿ ಬೆಳೆಯುವ ಕೆಂಪು ಛಾಯೆಯ ಸ್ಫ್ಯಾಗ್ನಮ್‌ಗೂ ಇದೇ ಹೆಸರು ಅಂಟಿಕೊಂಡಿತು. ಭೂಮಿಯ ಎರಡೂ ತುದಿಗಳಲ್ಲಿರುವ ಒಂದೇ ಪ್ರಭೇದ ಎಂದು ಬಹುತೇಕರು ನಂಬಿದ್ದರು.

2018ರಲ್ಲಿ ನಾರ್ವೆಯ ಕ್ರಿಸ್ಟಿಯಾನ್ ಹಾಸೆಲ್ ಮತ್ತು ಸಂಗಡಿಗರು ಈ ನಂಬಿಕೆಯನ್ನು ಬಿಡಿಸಿದರು. ಮೂಲ ಹೆಸರು ಮೂಲ ಮಾದರಿಯ ಜೊತೆಗೇ ಇರಬೇಕೆಂಬುದು ನಿಯಮ; ಹಾಗಾಗಿ ಮೆಜೆಲ್ಲಾನಿಕಮ್ ಎಂಬ ಹೆಸರು ದಕ್ಷಿಣ ಅಮೆರಿಕದ ಸಸ್ಯಕ್ಕೆ ಉಳಿಯಿತು. ಉತ್ತರದಲ್ಲಿದ್ದದ್ದು ಒಂದಲ್ಲ, ಎರಡು. ಒಂದಕ್ಕೆ ಸ್ಫ್ಯಾಗ್ನಮ್ ಡಿವೈನಮ್ ಎಂಬ ಹೊಸ ಹೆಸರು ಬಂತು. ಇನ್ನೊಂದಕ್ಕೆ ಹೊಸದು ಹುಡುಕಬೇಕಾಗಲಿಲ್ಲ. ಲಿಂಪ್ರಿಕ್ಟ್ ಎಂಬಾತ 1881ರಲ್ಲೇ ಅದನ್ನು ಬೇರೆ ಎಂದು ಕಂಡು ಸ್ಫ್ಯಾಗ್ನಮ್ ಮೀಡಿಯಮ್ ಎಂದು ಕರೆದಿದ್ದ. ನಂತರದವರು ಆ ಹೆಸರನ್ನು ಮೂಲೆಗೆ ಸೇರಿಸಿದ್ದರು. ಡಿಎನ್‌ಎ ಗೊತ್ತಿಲ್ಲದ ಕಾಲದ ಆ ಕಣ್ಣಿನ ಬಗ್ಗೆ ನನಗೆ ಬಹಳ ಗೌರವ.

ಇನ್ನು, ಇವು ಬೆಳೆಯುವ ಜಾಗ ನೋಡಿ. ಮಳೆನೀರನ್ನೇ ನೆಚ್ಚಿದ ತೆರೆದ ಜೌಗಿನಲ್ಲಿ ಮೀಡಿಯಮ್ ಹೆಚ್ಚು. ಮರಗಳಿರುವ ಜೌಗಿನ ಅಂಚಿನಲ್ಲಿ ಡಿವೈನಮ್ ಹೆಚ್ಚು. ಬೇರೆ ಎಂದು ಗೊತ್ತಾದ ಮೇಲೆ ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಾಂಡದ ಎಲೆಯಲ್ಲಿ, ಕೋಶದ ರಂಧ್ರಗಳಲ್ಲಿ ಸಣ್ಣ ವ್ಯತ್ಯಾಸಗಳೂ ಕಂಡವು. ಮೊದಲೂ ಇದ್ದವು, ಯಾರೂ ಅವಕ್ಕೆ ಬೆಲೆ ಕೊಟ್ಟಿರಲಿಲ್ಲ ಅಷ್ಟೆ. ಆಮೇಲೆ ಅಮೆರಿಕದ ಜೊನಾಥನ್ ಶಾ ಮತ್ತು ಸಂಗಡಿಗರು ಉತ್ತರ ಅಮೆರಿಕದಿಂದ ಡಯಾಬೊಲಿಕಮ್, ಮ್ಯಾಗ್ನಿಯೆ ಎಂಬ ಇನ್ನೆರಡನ್ನು ಇದೇ ಗುಂಪಿನಿಂದ ಬೇರೆ ಮಾಡಿದರು.

ಹಾವಸೆಯಲ್ಲಿ ಹೀಗೆ ಅಡಗಿರುವುದು ಹೆಚ್ಚು, ಏಕೆಂದರೆ ಅದರ ದೇಹದಲ್ಲಿ ನಮಗೆ ಗುರುತು ಸಿಗುವ ಭಾಗಗಳೇ ಕಡಿಮೆ. ಹೂವಿಲ್ಲ, ಕಾಯಿಲ್ಲ, ಎಲೆ ಸಾಮಾನ್ಯವಾಗಿ ಒಂದೇ ಕೋಶದಷ್ಟು ದಪ್ಪ. ಕಪ್ಪೆಗಾದರೆ ಕೂಗಿದೆ. ಶರಾವತಿ ಕಡೆಯ ಕಾಡುಗಳಲ್ಲಿ ಮೊಟ್ಟೆಗೆ ಮಣ್ಣು ಮೆತ್ತುವ ಕುಂಬಾರ ಕಪ್ಪೆಗೆ 2014ರಲ್ಲಿ ಹೊಸ ಪ್ರಭೇದವೆಂದು ಹೆಸರಿಡುವಾಗ ಅದರ ನಡವಳಿಕೆಯೂ ಕೂಗೂ ನೆರವಿಗೆ ಬಂದವು. ಹಾವಸೆ ಕೂಗುವುದಿಲ್ಲ. ಅದರ ಗಂಡುಕೋಶ ನೀರಿನ ತೆಳು ಪದರದಲ್ಲಿ ಈಜಿ ಹೆಣ್ಣನ್ನು ತಲುಪಬೇಕು, ಆ ಪಯಣ ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರು. ಬೀಜಕ ಸಮುದ್ರ ದಾಟಿದರೂ ಕೂಡುವಿಕೆ ಅಂಗೈಯಗಲದಲ್ಲೇ ನಡೆಯುತ್ತದೆ. ಹೀಗಾಗಿ ರೂಪ ಬದಲಾಗದೆಯೇ ವಂಶಗಳು ದೂರವಾಗಬಹುದು.

ಇದರ ಉಲ್ಟಾ ತಪ್ಪೂ ಆಗಿದೆ ಎಂಬುದನ್ನು ಮಕ್ಕಳಿಗೆ ಹೇಳಿ. ಬಿಸಿಲಿನಲ್ಲಿ ಕುಳ್ಳಗೆ, ನೆರಳಿನಲ್ಲಿ ಉದ್ದಕ್ಕೆ ಬೆಳೆದ ಒಂದೇ ಹಾವಸೆಗೆ ಹಳೆಯವರು ಎರಡು ಮೂರು ಹೆಸರಿಟ್ಟಿದ್ದುಂಟು. 19ನೇ ಶತಮಾನದಲ್ಲಿ ಉಷ್ಣವಲಯದ ಒಂದೊಂದು ಊರಿನ ಸಂಗ್ರಹಕ್ಕೂ ಹೊಸ ಹೆಸರು ಕೊಟ್ಟರು. ಮುಂದೆ ಅವುಗಳಲ್ಲಿ ಎಷ್ಟನ್ನೋ ಒಟ್ಟುಗೂಡಿಸಿ ಬೇರೆ ಖಂಡದ ಹೆಸರಿನೊಳಗೆ ಹಾಕಿದರು. ಹಾಗೆ ಒಟ್ಟುಗೂಡಿಸಿದ್ದರಲ್ಲಿ ಯಾವುದು ಸರಿ, ಯಾವುದು ಅವಸರದ್ದು? ಒಂದೊಂದನ್ನೂ ಪರೀಕ್ಷಿಸಿಯೇ ತಿಳಿಯಬೇಕು. ಒಂದೇ ವಂಶವಾಹಿ ನೋಡಿ ತೀರ್ಪು ಕೊಡುವುದನ್ನು ನಾನೂ ಒಪ್ಪುವುದಿಲ್ಲ. ಮಿಶ್ರತಳಿಯಾದಾಗ ಕ್ಲೋರೋಪ್ಲಾಸ್ಟಿನ ಡಿಎನ್‌ಎ ಒಂದು ಕಥೆ, ಕೋಶಕೇಂದ್ರದ ಡಿಎನ್‌ಎ ಇನ್ನೊಂದು ಕಥೆ ಹೇಳುವುದುಂಟು.

ಹೆಸರು ಒಡೆದರೆ ಪಟ್ಟಿ ಉದ್ದವಾಗುತ್ತದೆ ಅಷ್ಟೇ ಎಂದುಕೊಳ್ಳಬೇಡಿ. ‘ಎಲ್ಲ ಕಡೆ ಇದೆ’ ಎಂದು ಬರೆದ ಸಸ್ಯವನ್ನು ಯಾರೂ ಕಾಯುವುದಿಲ್ಲ. ಪಶ್ಚಿಮ ಘಟ್ಟದ ಎಷ್ಟೋ ಹಾವಸೆಗಳ ಹೆಸರು ಶ್ರೀಲಂಕಾ, ಪೂರ್ವ ಹಿಮಾಲಯ, ಆಗ್ನೇಯ ಏಷ್ಯಾದ ಪಟ್ಟಿಗಳಲ್ಲೂ ಇವೆ. ಅವುಗಳಲ್ಲಿ ಯಾವುದಾದರೂ ಘಟ್ಟದ್ದೇ ಆದ ಪ್ರಭೇದವಾಗಿದ್ದರೆ, ಗೊತ್ತಾಗುವ ಮೊದಲೇ ಅದರ ಬಂಡೆ ರಸ್ತೆಗೆ ಹೋಗಿರುತ್ತದೆ.

ಪ್ರಶ್ನೆ: ನಮ್ಮ ಕಾಫಿ ತೋಟದ ಹಳೇ ಮರಗಳ ಮೇಲೆ ನಾನಾ ಬಗೆಯ ಹಾವಸೆಗಳಿವೆ. ಮುಂದೆ ಯಾರಾದರೂ ಪರೀಕ್ಷಿಸಲು ಅನುಕೂಲವಾಗಲಿ ಎಂದು ತೆಗೆದಿಡಬೇಕೆಂದಿದ್ದೇನೆ. ಹೇಗೆ?
– ಬೆಳೆಗಾರರೊಬ್ಬರು, ಮಡಿಕೇರಿ

ಉತ್ತರ: ಪ್ಲಾಸ್ಟಿಕ್ ಬೇಡ, ಬೂಸ್ಟು ಹಿಡಿಯುತ್ತದೆ. ಹಳೇ ಕಾಗದ ಮಡಚಿ ಪೊಟ್ಟಣ ಮಾಡಿ, ಬೆಂಕಿಪೊಟ್ಟಣದಷ್ಟು ಹಾವಸೆ ಅದರಲ್ಲಿಟ್ಟು ನೆರಳಲ್ಲಿ ಗಾಳಿಗೆ ಒಣಗಿಸಿ. ಸಾಧ್ಯವಾದರೆ ಬೀಜಕಕೋಶ ಇರುವ ಭಾಗವನ್ನೇ ಆರಿಸಿ, ಉಳಿದದ್ದನ್ನು ಮರದಲ್ಲೇ ಬಿಡಿ. ಪೊಟ್ಟಣದ ಮೇಲೆ ದಿನಾಂಕ, ಜಾಗ, ಮೊಬೈಲ್ ತೋರಿಸುವ ಅಕ್ಷಾಂಶ-ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಯಾವ ಮರ, ಬುಡವೋ ಕೊಂಬೆಯೋ ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಈ ಬರಹವಿಲ್ಲದ ಪೊಟ್ಟಣ ಯಾರ ಕೆಲಸಕ್ಕೂ ಬಾರದು.

ಒಣಗಿದ್ದು ಹಾಳಾಯಿತೆಂದು ಹೆದರಬೇಡಿ. ನಮ್ಮ ಗೋಡೆಗಳ ಮೇಲಿನ ಹಯೋಫಿಲಾ ಎಂಬ ಹಾವಸೆ ಬೇಸಿಗೆಯಲ್ಲಿ ಎಲೆಯನ್ನು ಒಳಮುಖವಾಗಿ ಸುರುಳಿ ಸುತ್ತಿಕೊಂಡಿರುತ್ತದೆ. ಒಂದು ಹನಿ ನೀರು ಬಿಟ್ಟರೆ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಚೆನ್ನಾಗಿ ಒಣಗಿಸಿಟ್ಟ ಮಾದರಿಯಿಂದ ವರ್ಷಗಳ ನಂತರವೂ ಡಿಎನ್‌ಎ ತೆಗೆಯಬಹುದು. ಒಂದೊಂದರದ್ದೂ ಎರಡು ಪೊಟ್ಟಣ ಮಾಡಿ, ಒಂದನ್ನು ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ ಅಥವಾ ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆಯಂಥ ಕಡೆ ಕೊಡಲು ಮೊದಲು ಪತ್ರ ಬರೆದು ಕೇಳಿ. ತೋಟದ ಬೇಲಿಯಾಚೆ ಕಾಡಿನದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಾದರಿ ವಿದೇಶಕ್ಕೆ ಹೋಗುವುದಾದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳೂ ಅನ್ವಯಿಸುತ್ತವೆ.